ಚಾವಡಿಯ ಹಾಡು, ಮಾಳಿಗೆಯ ಯಂತ್ರ

ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರ ಸಿರಿ ಪಾಡ್ದನವು 1990ರಲ್ಲಿ ಧ್ವನಿಮುದ್ರಿತವಾದುದರಿಂದಲೇ 1998ರಲ್ಲಿ ಗ್ರಂಥರೂಪವನ್ನು ತಾಳಿತು. ಕಾರ್ಕಳ, ಕಾಪುಗಳ ಮನೆಗಳಲ್ಲಿ ಅಜ್ಜಿಯರು ಬಲ್ಲ ಪಾಡ್ದನಗಳನ್ನೂ ಇಂದೇ ಮುದ್ರಿಸಿಡುವುದು ಲೇಸೆಂದು ನಮ್ಮ ಮತ. ವೃದ್ಧಕಂಠವು ನಾಳೆಗೆ ಕಾಯದು.

ಕಡಲಿನ ಮೊರೆತವನ್ನು ನಿಲ್ಲಿಸಲಾಗದು. ಕಂಪ್ಯೂಟರಿನ ಫ್ಯಾನಿನ ಸದ್ದನ್ನಾದರೂ ಮಾಳಿಗೆಗೆ ಅಟ್ಟಬಹುದು. ಚಾವಡಿಯ ಮೈಕಿಗೆ ಹೊಂದಿಸಿದ ಪುಟ್ಟ ಯಂತ್ರವು ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದು, ಆ ಅಂಕಿಗಳನ್ನು ಸಣ್ಣ ಕಟ್ಟುಗಳಾಗಿ ಮನೆಯ ನೆಟ್‌ವರ್ಕಿನ ಮೂಲಕ ಮಾಳಿಗೆಯ ಕಂಪ್ಯೂಟರಿನ ಧ್ವನಿಮುದ್ರಣ ತಂತ್ರಾಂಶಕ್ಕೆ ಕಳುಹುವುದು. ಕಟ್ಟುಗಳು ತಡವಾದರೆ ಹಾಡು ತುಂಡಾಗುವುದು; ಕೆಲವನ್ನು ಕೂಡಿಟ್ಟುಕೊಂಡು ಹೊರಗೊಟ್ಟರೆ ವಿಳಂಬವಾಗುವುದು. ಮುದ್ರಣಕ್ಕೆ ಇದರಿಂದ ಬಾಧಕವಿಲ್ಲ. ಆದರೆ ದನಿಗೂಡಿಸುವವರು ಮಾಳಿಗೆಯಲ್ಲಿ ಕೇಳುತ್ತ ಹಾಡಿದರೆ, ಸೆಕೆಂಡಿನ ಹತ್ತನೆಯ ಒಂದಂಶದ ವಿಳಂಬವೂ 34 ಮೀಟರು ದೂರ ನಿಂತು ಹಾಡಿದಂತೆ! ಅವರನ್ನು ಅಜ್ಜಿಯ ಪಕ್ಕದಲ್ಲಿಯೇ ಕುಳ್ಳಿರಿಸಿರಿ. ವೈಫೈಗಿಂತ ತಂತಿಯನ್ನೇ ನಾವು ನಂಬುವೆವು. ಆದರೂ ಮೊಬೈಲಿನಲ್ಲೊಂದು ಪ್ರತಿಯಿರಲಿ.