ಸೈಟುಗಳಾಗಬೇಕಿದ್ದ ಕಡಲಂಚು

ಕ್ಯಾಲಿಫೋರ್ನಿಯಾದ ಕಾರ್ಮೆಲ್ ಪಟ್ಟಣದಿಂದ ತುಸು ದಕ್ಷಿಣಕ್ಕೆ, ಪೆಸಿಫಿಕ್ ಸಾಗರದೊಳಕ್ಕೆ ಚಾಚಿಕೊಂಡ ಒಂದು ಕಲ್ಲಿನ ಭೂಶಿರವಿದೆ. ಹೆಸರು ಪಾಯಿಂಟ್ ಲೋಬೋಸ್. 1890ರ ಸುಮಾರಿಗೆ ಅದು ಒಂದು ಕಲ್ಲಿದ್ದಲು ಕಂಪನಿಯ ಸ್ವತ್ತಾಗಿತ್ತು. ಕಲ್ಲಿದ್ದಲಿನಲ್ಲಿ ಲಾಭ ಕಾಣದೆ ಹೋದಾಗ ಕಂಪನಿ ನಕ್ಷೆ ಬರೆಸಿ, ನೆಲವನ್ನು ನೂರಾರು ಸೈಟುಗಳಾಗಿ ತುಂಡರಿಸಿ ಮಾರಾಟಕ್ಕಿಟ್ಟಿತು. ಅಷ್ಟು ಹೊತ್ತಿಗಾಗಲೇ ಅಲ್ಲಿ ತಿಮಿಂಗಿಲ ಬೇಟೆ ನಡೆದಿತ್ತು, ಗ್ರಾನೈಟ್ ಕಲ್ಲು ಒಡೆದು ಸಾಗಿಸಲಾಗಿತ್ತು. ಇನ್ನು ಮನೆಗಳು ಎದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಮುಗಿಯಲಿಲ್ಲ. 1898ರಲ್ಲಿ ಅಲೆಕ್ಸಾಂಡರ್ ಅಲನ್ ಎಂಬ ಉದ್ಯಮಿ ಆ ಜಮೀನನ್ನು ಕೊಂಡರು. ಜಪಾನಿನಿಂದ ಬಂದಿದ್ದ ಗೆನ್ನೊಸುಕೆ ಕೊಡಾನಿಯವರ ಜೊತೆ ಸೇರಿ ಅಬಲೋನಿ ಎಂಬ ಚಿಪ್ಪುಜೀವಿಯ ಮಾಂಸವನ್ನು ಡಬ್ಬಿಗೆ ತುಂಬುವ ಉದ್ಯಮ ನಡೆಸಿದರು. ಅದರ ಜೊತೆಗೇ, ಈಗಾಗಲೇ ಪರರ ಪಾಲಾಗಿದ್ದ ಸೈಟುಗಳನ್ನು ಅಲನ್ ದಂಪತಿ ಒಂದೊಂದಾಗಿ ಮರಳಿ ಕೊಳ್ಳುತ್ತ ಬಂದರು. 1928ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಉದ್ಯಾನಗಳಿಗಾಗಿ 60 ಲಕ್ಷ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಸರ್ಕಾರದ ಪ್ರತಿ ಡಾಲರಿಗೂ ಸಮನಾದ ಪಾಲು ಬೇರೆಡೆಯಿಂದ ಬರಬೇಕೆಂಬುದು ಷರತ್ತು. ಯಾವ ಯಾವ ಜಾಗ ಕೊಳ್ಳಬೇಕೆಂದು ರಾಜ್ಯವಿಡೀ ಸಮೀಕ್ಷೆ ಮಾಡಿದವರು ಭೂದೃಶ್ಯ ವಿನ್ಯಾಸಕಾರ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಜೂನಿಯರ್. 1933ರಲ್ಲಿ ಪಾಯಿಂಟ್ ಲೋಬೋಸ್ ರಾಜ್ಯದ ಆಸ್ತಿಯಾಯಿತು. ಸೈಪ್ರೆಸ್ ಮರಗಳ ತೋಪನ್ನು ಅಲನ್ ಕುಟುಂಬ ದಾನವಾಗಿಯೇ ಕೊಟ್ಟಿತು.

ಅಂದು ಎಲ್ಲರ ಕಣ್ಣಿಗೆ ಬಿದ್ದದ್ದು ಮುಖ್ಯವಾಗಿ ಚೆಲುವು. ಬಂಡೆಗೆ ಬಡಿದು ಚಿಮ್ಮುವ ಅಲೆ, ಗಾಳಿಗೆ ಸೊಟ್ಟಗಾದ ಮರ, ಮಂಜು. ಆ ಚೆಲುವಿನ ಹಿಂದೆ ಏನೇನಿದೆ ಎಂಬುದು ಬಿಡಿಬಿಡಿಯಾಗಿ ತಿಳಿಯುತ್ತ ಹೋದದ್ದು ಆಮೇಲೆ.

ಕಲ್ಲನ್ನೇ ನೋಡಿ. ಇಲ್ಲಿ ಎರಡು ಬಗೆಯ ಶಿಲೆಗಳಿವೆ. ಒಂದು, ಸುಮಾರು 8 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ನಿಧಾನವಾಗಿ ತಣಿದು ಹರಳುಗಟ್ಟಿದ ಗ್ರಾನೋಡಯೊರೈಟ್. ಇನ್ನೊಂದು, ಆಮೇಲೆ ಕಡಲಡಿಯ ಕಣಿವೆಯೊಂದರಲ್ಲಿ ಮರಳು, ಬೆಣಚುಕಲ್ಲು ಕುಸಿದು ಬಂದು ಶೇಖರವಾಗಿ ಗಟ್ಟಿಯಾದ ಶಿಲೆ. ಇವತ್ತು ಇದೇ ತೀರದ ಪಕ್ಕದಲ್ಲಿ ಕಾರ್ಮೆಲ್ ಕಣಿವೆ ಎಂಬ ಇನ್ನೊಂದು ಕಡಲಡಿಯ ಕಣಿವೆ ದಡದ ಬುಡದಿಂದಲೇ ಪಾತಾಳಕ್ಕೆ ಇಳಿಯುತ್ತದೆ. ಅದರೊಳಗೆ ನಡೆಯುವುದನ್ನು ಮುಳುಗಿ ನೋಡುವುದು ಕಷ್ಟ. ಆದರೆ ಅಂಥ ಕಣಿವೆಯ ಒಡಲು ಹೇಗಿರುತ್ತದೆಂದು ಭೂವಿಜ್ಞಾನಿಗಳು ಪಾಯಿಂಟ್ ಲೋಬೋಸಿನ ಬಂಡೆಗಳ ಮೇಲೆ ನಡೆದಾಡುತ್ತಲೇ ಓದಬಲ್ಲರು.

ಮರಗಳ ಸಂಗತಿ ಇನ್ನೂ ನಾಜೂಕಿನದು. ಮಾಂಟೆರೆ ಸೈಪ್ರೆಸ್ ತಾನಾಗಿ ಬೆಳೆದಿರುವುದು ಜಗತ್ತಿನಲ್ಲಿ ಎರಡೇ ಕಡೆ: ಪಾಯಿಂಟ್ ಲೋಬೋಸಿನಲ್ಲಿ ಮತ್ತು ಕಾರ್ಮೆಲ್ ಕೊಲ್ಲಿಯ ಆಚೆ ಬದಿಯಲ್ಲಿ. ಮಳೆಯೇ ಇಲ್ಲದ ಬೇಸಿಗೆಯಲ್ಲಿ ಕಡಲ ಮಂಜು ಎಲೆಗಳ ಮೇಲೆ ಹನಿಗಟ್ಟಿ ಬುಡಕ್ಕೆ ತೊಟ್ಟಿಕ್ಕುತ್ತದೆ. ಆ ತೇವ ಮರಗಳಿಗೆ ಆಸರೆ. ಒಣ ಕೊಂಬೆಗಳ ಮೇಲೆ ಕಿತ್ತಳೆ ಬಣ್ಣದ ಮಖಮಲ್ಲಿನಂಥ ಹೊದಿಕೆ ಕಾಣುತ್ತದೆ. ಅದು ಟ್ರೆಂಟೆಪೋಲಿಯ ಎಂಬ ಪಾಚಿ, ವರ್ಗೀಕರಣದಲ್ಲಿ ಹಸಿರು ಪಾಚಿಯೇ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಕ್ಯಾರೊಟೀನ್ ಇದರ ಹಸಿರನ್ನು ಮರೆಮಾಡಿದೆ. ಮರಕ್ಕೆ ಇದರಿಂದ ಕೇಡಿಲ್ಲ. ಇಲ್ಲೇ ಬೆಳೆಯುವ ಮಾಂಟೆರೆ ಪೈನ್ ಕೂಡ ಹುಟ್ಟುನೆಲೆಯಲ್ಲಿ ಐದೇ ಜಾಗಗಳಿಗೆ ಸೀಮಿತ. ಆದರೆ ನ್ಯೂಜಿಲೆಂಡಿನ ನೆಡುತೋಪುಗಳ ಬಹುಪಾಲು ಇದೇ ಮರ. ಅಲ್ಲಿ ನಾಳೆ ರೋಗ ತಗುಲಿದರೆ ತಾಳಿಕೊಳ್ಳುವ ತಳಿಗಾಗಿ ಈ ಪುಟ್ಟ ತವರುಗಳಿಗೇ ಮರಳಬೇಕು.

ಇಷ್ಟಾದರೂ 1933ರ ಗಡಿ ದಡದಲ್ಲೇ ನಿಂತಿತ್ತು. ನನ್ನ ಎಣಿಕೆಯಲ್ಲಿ ಅದಕ್ಕಿಂತ ದೊಡ್ಡ ವರ್ಷ 1960. ಆ ವರ್ಷ 700ಕ್ಕೂ ಹೆಚ್ಚು ಎಕರೆ ಸಮುದ್ರವನ್ನು ಮೀಸಲಿಗೆ ಸೇರಿಸಲಾಯಿತು. ನೀರಿನೊಳಗೂ ಉದ್ಯಾನವಿರಬಹುದೆಂದು ಯೋಚಿಸಿದವರು ಆಗ ಅಮೆರಿಕದಲ್ಲೂ ವಿರಳ. ಈ ಯೋಚನೆ ಎಷ್ಟು ಸರಿಯೆಂದು ತಿಳಿಯಲು ನೀರೊಳಗಿನ ಕಾಡನ್ನು ನೋಡಬೇಕು.

ವಸಂತದಲ್ಲಿ ವಾಯವ್ಯದಿಂದ ಬೀಸುವ ಗಾಳಿ ಮತ್ತು ಭೂಮಿಯ ತಿರುಗಾಟ ಸೇರಿ ಮೇಲಿನ ನೀರನ್ನು ದಡದಿಂದ ಆಚೆಗೆ ಸರಿಸುತ್ತವೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಏರಿಬರುತ್ತದೆ, ಜೊತೆಗೆ ನೈಟ್ರೇಟಿನಂಥ ಪೋಷಕಾಂಶಗಳು. ಅವನ್ನುಂಡು ಬೆಳೆಯುವುದು ಜಯಂಟ್ ಕೆಲ್ಪ್ ಎಂಬ ಕಂದು ಪಾಚಿ. ಅನುಕೂಲ ಒದಗಿದರೆ ದಿನಕ್ಕೆ ಒಂದೂವರೆ ಅಡಿಗಿಂತ ಹೆಚ್ಚು ಬೆಳೆಯುತ್ತದೆ. ಬೇರಿನಂಥ ಹಿಡಿಕೆಯಿಂದ ಬಂಡೆಗೆ ಕಚ್ಚಿ, ಗಾಳಿಗುಳ್ಳೆಗಳ ಬಲದಿಂದ ನೆಟ್ಟಗೆ ನಿಂತು ಮೇಲ್ಮೈ ಮುಟ್ಟುತ್ತದೆ. ಮೀನು, ಏಡಿ, ಬಸವನಹುಳುಗಳಿಗೆಲ್ಲ ಅದೇ ಮನೆ. ಅದನ್ನು ಬುಡದಲ್ಲಿ ಕತ್ತರಿಸಿ ತಿನ್ನುವುದು ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್. ಅದನ್ನು ತಿಂದು ಹದ್ದಿನಲ್ಲಿಡುವುದು ಕಡಲ ನೀರುನಾಯಿ.

ತುಪ್ಪಳದ ಆಸೆಗೆ ಮನುಷ್ಯ ಈ ನೀರುನಾಯಿಯನ್ನು ಬಹುತೇಕ ಅಳಿಸಿಹಾಕಿದ್ದ. ಇಲ್ಲಿಂದ ದಕ್ಷಿಣದ ಬಿಗ್ ಸರ್ ತೀರದಲ್ಲಿ ಸುಮಾರು 50 ಮಾತ್ರ ಗುಟ್ಟಾಗಿ ಉಳಿದಿದ್ದವು. ಅವುಗಳ ಸಂತಾನವೇ ಇಂದು ಕ್ಯಾಲಿಫೋರ್ನಿಯಾದಲ್ಲಿ 3,000ದಷ್ಟಾಗಿದೆ.

ಗಡಿಯೊಳಗಿದ್ದರೆ ಎಲ್ಲವೂ ಕ್ಷೇಮ ಎನ್ನುವಂತಿಲ್ಲ. 2013ರಲ್ಲಿ ನಕ್ಷತ್ರಮೀನುಗಳಿಗೆ ಕೊಳೆರೋಗ ಬಂತು. ಅರ್ಚಿನ್‌ಗಳನ್ನು ತಿನ್ನುವ ಸನ್‌ಫ್ಲವರ್ ನಕ್ಷತ್ರಮೀನು ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚುಕಡಿಮೆ ಕಾಣೆಯಾಯಿತು. ಬೆನ್ನಿಗೇ 2014ರಿಂದ 2016ರವರೆಗೆ ಕಡಲು ಅಸಾಧಾರಣವಾಗಿ ಬಿಸಿಯಾಯಿತು. ಅರ್ಚಿನ್‌ಗಳು ಮಿತಿಮೀರಿದವು, ಉತ್ತರ ಕ್ಯಾಲಿಫೋರ್ನಿಯಾದ ಕೆಲ್ಪ್ ಕಾಡು ಶೇಕಡ 90ಕ್ಕಿಂತ ಹೆಚ್ಚು ನಾಶವಾಯಿತು. ಪಾಯಿಂಟ್ ಲೋಬೋಸ್ ಇರುವ ಮಾಂಟೆರೆ ಸುತ್ತಮುತ್ತ ಮಾತ್ರ ಅಲ್ಲಲ್ಲಿ ತುಣುಕುಗಳು ಉಳಿದವು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಕಾರಣ ಹುಡುಕಿತು. ಬೋಳಾದ ತಳದ ಅರ್ಚಿನ್‌ಗಳು ಹಸಿದು ಒಳಗೆ ಟೊಳ್ಳಾಗಿರುತ್ತವೆ. ನೀರುನಾಯಿ ಅವನ್ನು ಮುಟ್ಟುವುದಿಲ್ಲ. ಕೆಲ್ಪ್ ನಡುವೆ ಉಂಡು ಕೊಬ್ಬಿದವನ್ನೇ ಆರಿಸಿ ತಿನ್ನುತ್ತದೆ. ಹಾಳಾದ ಕಾಡನ್ನು ಅದು ಮರಳಿ ಕಟ್ಟಲಾರದು, ಉಳಿದದ್ದನ್ನು ಕಾಯುತ್ತದೆ. ಮೀಸಲು ಪ್ರದೇಶವೂ ಇಷ್ಟನ್ನೇ ಮಾಡಬಲ್ಲದು. ಬಿಸಿನೀರನ್ನು ಬೇಲಿ ತಡೆಯದು. ಆದರೆ ಕಾಡು ಮತ್ತೆ ಹಬ್ಬಬೇಕಾದರೆ ಬೀಜಕ್ಕೆಂದು ಒಂದಿಷ್ಟು ಉಳಿದಿರಲೇಬೇಕು. 2007ರಲ್ಲಿ ಈ ಕಡಲ ಮೀಸಲನ್ನು ಇನ್ನಷ್ಟು ಆಳಕ್ಕೆ ವಿಸ್ತರಿಸಿದ್ದು ಒಳ್ಳೆಯ ಕೆಲಸ.

ದಿನನಿತ್ಯದ ಅಪಾಯವೆಂದರೆ ನೋಡಲು ಬರುವ ನಾವೇ. ತೆಳುಮಣ್ಣಿನ ಮೇಲೆ ಬೂಟುಗಾಲು ಬಿದ್ದಷ್ಟೂ ಕಾಡುಹೂಗಳು ಸಾಯುತ್ತವೆ, ಮಣ್ಣು ಕೊಚ್ಚಿಹೋಗುತ್ತದೆ. ಅದಕ್ಕೇ ಕಾಲುದಾರಿಯ ಇಬ್ಬದಿಗೆ ತಂತಿ ಕಟ್ಟಿದ್ದಾರೆ, ನಾಯಿಗಳನ್ನು ಬಿಡುವುದಿಲ್ಲ, ಕಡಲಿಗಿಳಿದು ಮುಳುಗುವವರ ಸಂಖ್ಯೆಗೂ ಮಿತಿಯಿದೆ. ಸ್ಯಾನ್ ಹೋಸೆ, ಸನ್ನಿವೇಲ್ ಕಡೆಯ ಕನ್ನಡಿಗರಿಗೆ ಈ ಜಾಗ ಹೆಚ್ಚೆಂದರೆ ಎರಡು ಗಂಟೆಯ ದಾರಿ. ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಖಂಡಿತ ಕರೆದುಕೊಂಡು ಹೋಗಿ. ವಾರದ ನಡುವೆ, ಬೆಳಿಗ್ಗೆ ಬೇಗ ಹೋಗಿ. ಫೋಟೊಗೆಂದು ತಂತಿ ದಾಟಬೇಡಿ. ಮಕ್ಕಳು ಒಂದು ಬೆಣಚುಕಲ್ಲನ್ನೋ ಚಿಪ್ಪನ್ನೋ ಜೇಬಿಗಿಳಿಸಿದರೆ, ಎತ್ತಿದ ಜಾಗದಲ್ಲೇ ಇಡಿಸಿ.