ಮಹಾಮಾರಿಯ ಕಾಲದಲ್ಲಿ ಅಂಗನವಾಡಿ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಇಂದು ತಾಯಂದಿರು. ಕೆಲವರು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಅಂಗನವಾಡಿಗಳಲ್ಲಿ ಅಕ್ಕೋರು. ಆದಕಾರಣ 2020ನೆಯ ಇಸವಿಯಲ್ಲಿ ಹಬ್ಬಿದ ಕೋವಿಡ್ ಬೇನೆಯ ಕಾಲದಲ್ಲಿ ಎಳೆಯ ಮಕ್ಕಳ ಪೋಷಣೆಯೂ ಶಿಕ್ಷಣವೂ ಹೇಗೆ ನಡೆದವೆಂಬುದನ್ನು ಇಲ್ಲಿ ವಿವರಿಸುವದು ಅಪ್ರಸ್ತುತವಾಗಲಾರದೆಂದು ನಂಬುತ್ತೇವೆ.

ಅಂಗನವಾಡಿಯೆಂದರೆ ಮಕ್ಕಳನ್ನು ಕೂಡಿಹಾಕುವ ಮನೆಯೆಂದು ಹಲವರು ಎಣಿಸುವರು. ಅದು ತಪ್ಪು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಈ ಯೋಜನೆಯಲ್ಲಿ ಆರು ವರುಷದೊಳಗಿನ ಕೂಸುಗಳಿಗೂ ಬಸುರಿ ಬಾಣಂತಿಯರಿಗೂ ಆಹಾರ, ತೂಕ ನೋಡುವದು, ಲಸಿಕೆಗೆ ನೆರವು, ಮೂರು ತುಂಬಿದ ಮಕ್ಕಳಿಗೆ ಆಟಪಾಠ, ಇವೆಲ್ಲವೂ ಒಂದೇ ಸ್ಥಳದಲ್ಲಿ ಕೂಡಿರುವವು. ಹೀಗೆ ಕೂಡಿರುವದೇ ಅದರ ಬಲ. ಬೇನೆಯು ಮುರಿದದ್ದೂ ಅದನ್ನೇ.

ಪ್ಲೇಗಿನ ಕಾಲದಲ್ಲಿ ಹಿರಿಯರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಈ ಸಾರೆಯಾದರೋ ಮನೆ ಬಿಟ್ಟು ಹೊರಡಬಾರದೆಂಬ ಕಟ್ಟಳೆ. 2020ರ ಮಾರ್ಚ್ ತಿಂಗಳಲ್ಲಿ ಅಂಗನವಾಡಿಗಳು ಮುಚ್ಚಿದವು. 25ನೆಯ ತಾರೀಖಿನಿಂದ ದೇಶವೆಲ್ಲವೂ ಸ್ತಬ್ಧವಾಯಿತು. ಇಳಕಲ್ಲಿನ ಸೀರೆಯ ಮಗ್ಗಗಳು ನಿಂತವು. ಗೋವೆ, ಮಂಗಳೂರುಗಳಿಗೆ ದುಡಿಯಹೋಗಿದ್ದ ಬಾದಾಮಿ, ಹುನಗುಂದ ಕಡೆಯ ಕುಟುಂಬಗಳು ಮಕ್ಕಳೊಡನೆ ತಿರುಗಿ ಬಂದವು. ಉಣ್ಣುವವರು ಹೆಚ್ಚಿದ ಹೊತ್ತಿಗೇ ಗಳಿಕೆ ನಿಂತಿತು.

ಆಗ ಸರಕಾರವು ಬಿಸಿಯೂಟಕ್ಕೆ ಬದಲಾಗಿ ಧಾನ್ಯವನ್ನು ಮನೆಮನೆಗೆ ಮುಟ್ಟಿಸುವ ಏರ್ಪಾಡು ಮಾಡಿತು. 2017ರಿಂದ ಮಾತೃಪೂರ್ಣ ಯೋಜನೆಯಂತೆ ಅಂಗನವಾಡಿಗೇ ಬಂದು ಉಣ್ಣುತ್ತಿದ್ದ ಬಸುರಿಯರಿಗೂ ಇದೇ ಕ್ರಮವಾಯಿತು. ಕೆಲಸವು ಮೆಚ್ಚತಕ್ಕದ್ದೇ. ಆದರೆ ಅಂಗನವಾಡಿಯ ತಟ್ಟೆಯಲ್ಲಿ ಬಡಿಸಿದ ಅನ್ನ ಆ ಕೂಸಿನ ಹೊಟ್ಟೆಗೇ ಸೇರುವದು. ಮನೆಗೆ ಬಂದ ಬೇಳೆ ಎಲ್ಲರ ಗಡಿಗೆಯಲ್ಲಿ ಬೇಯುವದು. ಇದು ತಾಯಿಯ ದೋಷವಲ್ಲ. ಹಸಿದು ಕುಳಿತ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ತತ್ತಿಯನ್ನು ಕೊಡುವ ತಾಯಿ ಎಲ್ಲಿರುವಳು?

ತೂಕದ ಕೆಲಸಕ್ಕೂ ಅಡ್ಡಿಯಾಯಿತು. ಆರು ತಿಂಗಳಿಂದ ಐದು ವರುಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಕಣ್ಣಂದಾಜಿಗೆ ಇದು ತಿಳಿಯದು. ಪಟ್ಟಿಯನ್ನು ಸುತ್ತಿಯೇ ನೋಡಬೇಕು, ಸುತ್ತಬೇಕಾದರೆ ಮುಟ್ಟಬೇಕು. ಮುಟ್ಟುವದೇ ಭಯವಾದ ಕಾಲವದು. ಅದರ ಮೇಲೆ ಆಶಾ ಕಾರ್ಯಕರ್ತೆಯರೊಡನೆ ಮನೆಮನೆಗೆ ತಿರುಗಿ ಜ್ವರ ಕೆಮ್ಮಿನವರನ್ನು ಬರೆದುಕೊಳ್ಳುವ ಹೊರೆಯೂ ಅಕ್ಕೋರ ಮೇಲೆ ಬಿತ್ತು. ಇವರಿಗೆ ಸಲ್ಲುವದು ಸಂಬಳವಲ್ಲ, ಗೌರವಧನವೆಂಬುದನ್ನು ವಾಚಕರು ಮರೆಯಬಾರದು.

ಪಾಠವು ಫೋನಿನ ಮೂಲಕ ಬರುತ್ತಿತ್ತು. ಆ ಫೋನು ಬಹುಶಃ ತಂದೆಯ ಕಿಸೆಯಲ್ಲಿಯೇ ಇರುತ್ತಿತ್ತು. ನಮ್ಮ ಅಭಿಪ್ರಾಯದಲ್ಲಿ ಮೂರು ವರುಷದ ಮಗುವಿಗೆ ಅದರಿಂದಾದ ಪ್ರಯೋಜನ ಅಲ್ಪವೇ. ಜೋಳ ಹೆಸರುಗಳನ್ನು ಬೇರೆಮಾಡುವದು, ಶೇಂಗಾ ಎಣಿಸುವದು, ಅಜ್ಜಿಯ ಕಥೆ ಕೇಳಿ ತಿರುಗಿ ಹೇಳುವದು, ಇವು ಮನೆಯಲ್ಲಿಯೂ ಆಗತಕ್ಕವು. ಆದರೆ ಇಪ್ಪತ್ತು ಮಕ್ಕಳ ನಡುವೆ ತನ್ನ ಪಾಳಿ ಬರುವ ತನಕ ಕಾಯುವದನ್ನು ಒಂಟಿ ಮಗುವಿಗೆ ಯಾರು ಕಲಿಸಲಾಪರು?

ನಮ್ಮ ರಾಜ್ಯದಲ್ಲಿ ಬಾಗಿಲು ತೆರೆಯಲಾರಂಭಿಸಿದ್ದು 2021ರ ನವೆಂಬರ್ 8ರಂದು, ಅದೂ ಮೊದಲು ದಿನಕ್ಕೆ ಎರಡು ತಾಸು ಮಾತ್ರ. ಮೂರರಿಂದ ಆರರ ತನಕ ಮಗುವಿಗೆ ದೊರೆಯುವ ಮೂವತ್ತಾರು ತಿಂಗಳುಗಳಲ್ಲಿ ಸುಮಾರು ಇಪ್ಪತ್ತು ಕಳೆದಿದ್ದವು. ಮುಚ್ಚುವಾಗ ನಾಲ್ಕು ತುಂಬಿದ್ದ ಮಗು 2022ರಲ್ಲಿ ಒಂದನೆಯ ಇಯತ್ತೆಗೆ ಬಂದು ಕುಳಿತಿತು. ಅಲ್ಲಿ ಅದು ಪಾಳಿ ಕಾಯಲಾರದೆ ಎದ್ದು ಓಡಿದರೆ, ಮೊಂಡತನವೆಂದು ಗದರಿಸಿದ ಹಿರಿಯರೂ ಉಂಟು.