ತೆರಿಗೆಯೂ ಮುಪ್ಪಿನ ಉಳಿತಾಯವೂ

ಮಾರ್ಚಿ ತಿಂಗಳು ಬಂದಿತೆಂದರೆ ಪಬ್ಲಿಕ್ ಪ್ರಾವಿಡೆಂಟ್ ಫಂಡಿಗೆ ಹಣ ಕಟ್ಟಲು ನೌಕರವರ್ಗದವರು ಅವಸರಪಡುತ್ತಿದ್ದುದನ್ನು ವಾಚಕರು ಬಲ್ಲರು. 1968ರಲ್ಲಿ ಏರ್ಪಟ್ಟ ಈ ಫಂಡಿಗೆ ಕಟ್ಟಿದ ಹಣಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ರಿಯಾಯಿತಿಯಿಲ್ಲ. ಹಳೆಯದೇ ಬೇಕೆಂದು ತಿಳಿಸದವರೆಲ್ಲರೂ 2023-24ನೆಯ ವರ್ಷದಿಂದ ಹೊಸ ಪದ್ಧತಿಗೇ ಸೇರುವರು. ಮಿತವ್ಯಯವನ್ನು ದಶಕಗಳ ಕಾಲ ಬೋಧಿಸಿದ ಸರ್ಕಾರವೇ ಆ ಪ್ರೋತ್ಸಾಹವನ್ನು ಹಿಂತೆಗೆದುದು ನಮಗೆ ಒಪ್ಪಿಗೆಯಿಲ್ಲ. ಆ ಮಾತು ಹಾಗಿರಲಿ.

ರಿಯಾಯಿತಿ ಹೋಯಿತೆಂದು ಫಂಡನ್ನೇ ಬಿಟ್ಟು ಬ್ಯಾಂಕಿನ ಠೇವಣಿಗೆ ತಿರುಗುವುದು ಅವಿಚಾರವೆಂದು ನಮ್ಮ ಅಭಿಪ್ರಾಯ. ಫಂಡಿನ ಬಡ್ಡಿಗೆ ಎರಡು ಪದ್ಧತಿಗಳಲ್ಲಿಯೂ ತೆರಿಗೆಯಿಲ್ಲ. ಶೇಕಡಾ 30ರ ಮಟ್ಟದಲ್ಲಿ ತೆರಿಗೆ ಕೊಡುವವರು ಬ್ಯಾಂಕಿನಿಂದ 7 ರೂಪಾಯಿ ಬಡ್ಡಿ ಪಡೆದರೆ, ಸೆಸ್ಸೂ ಸೇರಿ 2 ರೂಪಾಯಿ 18 ಪೈಸೆ ಸರ್ಕಾರಕ್ಕೆ ಸಲ್ಲುವುದು. ಬಡ್ಡಿಯನ್ನು ಅಸಲಿಗೆ ಸೇರಿಸಿದರೂ ವರ್ಷವರ್ಷವೂ ಈ ತೆರಿಗೆ ತಪ್ಪದು. ವರ್ಷದ ಮೊದಲಿನಲ್ಲಿ 1,50,000 ರೂಪಾಯಿಗಳಂತೆ 15 ವರ್ಷ ಕಟ್ಟಿದವರಿಗೆ, ಎರಡೂ ಕಡೆ ಬಡ್ಡಿ ಶೇಕಡಾ 7 ಎಂದೇ ಹಿಡಿದರೂ, ಕೊನೆಗೆ ಬೀಳುವ ಅಂತರ 6,50,000 ರೂಪಾಯಿಗೂ ಮಿಗಿಲು. ಪಿಂಚಣಿಯಿಲ್ಲದವರಿಗೆ ಇದು ಅಲ್ಪವಲ್ಲ.

ಷೇರುಗಳ ಮಾತು ಬೇರೆ. ಮಾರುವವರೆಗೆ ಬೆಲೆಯೇರಿಕೆಗೆ ತೆರಿಗೆಯಿಲ್ಲ. ಷೇರುಪೇಟೆಯಲ್ಲಿ ನೋಂದಾದ ಷೇರನ್ನು ವರ್ಷ ಮೀರಿ ಇಟ್ಟುಕೊಂಡು ಮಾರಿದರೆ, 2024ರ ಜುಲೈ 23ರಿಂದ ಬಂದ ನಿಯಮದಂತೆ, ವರ್ಷದಲ್ಲಿ 1,25,000 ರೂಪಾಯಿಗೆ ಮೀರಿದ ಲಾಭಕ್ಕೆ ಮಾತ್ರ ಶೇಕಡಾ 12.5. ಆದುದರಿಂದ ಬಡ್ಡಿ ತರತಕ್ಕ ಹಣ ಫಂಡಿನೊಳಗಿರಲಿ, ಷೇರುಗಳು ಹೊರಗಿರಲಿ.

ಫಂಡಿಗಾದರೋ ವರ್ಷಕ್ಕೆ 1,50,000 ರೂಪಾಯಿಗಳ ಮಿತಿಯೂ 15 ವರ್ಷಗಳ ಅವಧಿಯೂ ಉಂಟು. ಮಗಳ ಮದುವೆಗೋ ಮನೆಯ ರಿಪೇರಿಗೋ ಬೇಗನೆ ಬೇಕಾಗುವ ಹಣಕ್ಕೆ, ತೆರಿಗೆ ತೆತ್ತಾದರೂ, ಬ್ಯಾಂಕೇ ಲೇಸು.